ಓದದೆ ಸುಟ್ಟ ಮಚ್ಚೆ
(ದತ್ತಿ ಉಪನ್ಯಾಸದ ಪೂರ್ಣಪಾಠ)



ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎತ್ತರ ಇವುಗಳ ಜೊತೆಗೆ ಮೈಮೇಲಿನ ಗುರುತುಗಳಿಗೆಂದು ಒಂದು ಸಾಲು ಇರುತ್ತದೆ. ಆ ಸಾಲನ್ನು ಹೆಚ್ಚಿನವರು ತುಂಬುವುದು ಮಚ್ಚೆಯಿಂದ. ಎಡಗೆನ್ನೆಯ ಮೇಲೊಂದು ಕಪ್ಪು ಮಚ್ಚೆ, ಬಲ ಮೊಣಕೈ ಕೆಳಗೊಂದು ಮಚ್ಚೆ. ಮೂವತ್ತು ನಲವತ್ತು ವರ್ಷದ ನೌಕರಿ ಮುಗಿಯುವವರೆಗೂ ಅದು ಇದ್ದಲ್ಲೇ ಇರುತ್ತದೆ ಎಂಬ ಭರವಸೆಯಿಂದಲೇ ಅದನ್ನು ದಾಖಲೆಗೆ ಬರೆಸಿಕೊಳ್ಳುವುದು. ಈ ಭರವಸೆ ಬಹುಪಾಲು ಸರಿಯಾದದ್ದೇ. ಆದರೆ ಮನುಷ್ಯನಿಗೂ ಮಚ್ಚೆಗೂ ಇರುವ ಸಂಬಂಧ ಇಷ್ಟು ಸರಳವಾಗಿ ಉಳಿಯುವುದಿಲ್ಲ. ಕನ್ನಡಿ ನೋಡಿಕೊಂಡಾಗಲೆಲ್ಲ ಅದು ಕಣ್ಣಿಗೆ ಚುಚ್ಚಬಹುದು, ಕ್ಷೌರದ ಬ್ಲೇಡಿಗೆ ಸಿಕ್ಕಿ ರಕ್ತ ಬರಬಹುದು, ಹೆಣ್ಣು ನೋಡಲು ಬಂದವರ ಪಿಸುಮಾತಿಗೆ ಕಾರಣವಾಗಬಹುದು. ಅಪರೂಪಕ್ಕೊಮ್ಮೆ, ಬಹಳ ಅಪರೂಪಕ್ಕೊಮ್ಮೆ, ಅದು ಮಚ್ಚೆಯೇ ಆಗಿರದೆ ಕ್ಯಾನ್ಸರ್ ಆಗಿರಬಹುದು. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ತೆಗೆಸೋಣವೇ, ಬೇಡವೇ? ಈ ಪ್ರಶ್ನೆಗೆ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಬಿಟ್ಟುಬಿಡುತ್ತಿದ್ದೇವೆ ಎಂಬುದು ನನ್ನ ಇವತ್ತಿನ ವಾದ. ಇದು ಏನು ಎಂಬುದೇ ಆ ಪ್ರಶ್ನೆ. ಮಚ್ಚೆ ತೆಗೆಸುವುದರಿಂದ ಕೆಡುಕಿಲ್ಲ. ಏನೆಂದು ತಿಳಿಯದೆ ಅದನ್ನು ಸುಟ್ಟು ಹಾಕುವುದರಲ್ಲಿ ಕೆಡುಕಿದೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಾವು ಮಚ್ಚೆ ಎನ್ನುವುದರೊಳಗೆ ನಾಲ್ಕೈದು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳು ಸಾಮಾನ್ಯವಾಗಿ ಮೇಲ್ಪದರದ ತಳದಲ್ಲಿ ಒಂದೊಂದಾಗಿ, ನಡುವೆ ಅಂತರ ಬಿಟ್ಟು ಕೂತಿರುತ್ತವೆ. ಅಂಥವೇ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಅದು ನಿಜವಾದ ಮಚ್ಚೆ. ಬಾಲ್ಯದಲ್ಲೋ ಹರೆಯದಲ್ಲೋ ಚಪ್ಪಟೆಯಾಗಿ ಮೂಡುತ್ತದೆ. ವರ್ಷ ಕಳೆದಂತೆ ಗುಂಪು ಒಳಪದರಕ್ಕೆ ಇಳಿದು, ಮಚ್ಚೆ ಮೇಲಕ್ಕೆ ಉಬ್ಬಿ, ಬಣ್ಣ ತೆಳುವಾಗಿ, ಕೆಲವೊಮ್ಮೆ ಒಂದೆರಡು ಕೂದಲನ್ನೂ ಬಿಟ್ಟುಕೊಳ್ಳುತ್ತದೆ. ಇಳಿವಯಸ್ಸಿನಲ್ಲಿ ಕೆಲವು ಮಾಸಿಯೂ ಹೋಗುತ್ತವೆ. ಇದೆಲ್ಲ ಅದರ ಸಹಜ ಆಯುಷ್ಯ. ಇನ್ನು ನಡುವಯಸ್ಸಿನಲ್ಲಿ ಕೆನ್ನೆಯ ಮೇಲೆ, ಕಣ್ಣಿನ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಏಳುವ ಕಪ್ಪು ಗುಳ್ಳೆಗಳಿವೆಯಲ್ಲ, ತಾಯಿಗೆ ಇದ್ದರೆ ಮಗಳಿಗೂ ಬರುವಂಥವು, ಅವು ಮಚ್ಚೆಗಳಲ್ಲ. ಚರ್ಮದ ಮೇಲ್ಪದರವೇ ದಪ್ಪವಾಗಿ ಆದವು. ಅವುಗಳಿಗೆ ಡರ್ಮಟೋಸಿಸ್ ಪ್ಯಾಪ್ಯುಲೋಸ ನೈಗ್ರ ಎಂದು ಉದ್ದನೆಯ ಹೆಸರಿದೆ, ಅಪಾಯ ಮಾತ್ರ ಇಲ್ಲ. ಕತ್ತಿನಲ್ಲಿ, ಕಂಕುಳಲ್ಲಿ ಸಣ್ಣ ತೊಟ್ಟಿನಿಂದ ನೇತಾಡುವುದು ಸ್ಕಿನ್ ಟ್ಯಾಗ್. ಮೈತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಇದು ಒಟ್ಟೊಟ್ಟಿಗೆ ಬಹಳ ಮೂಡಿದರೆ ತೆಗೆಸುವ ಮೊದಲು ಒಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳುವುದು ಜಾಣತನ. ಬೆರಳ ಮೇಲೂ ಪಾದದಲ್ಲೂ ಒರಟಾಗಿ ಏಳುವ ನರುಲಿ ವೈರಸ್ಸಿನಿಂದ ಬಂದದ್ದು, ಒಬ್ಬರಿಂದೊಬ್ಬರಿಗೆ ಹರಡುವಂಥದ್ದು. ಕೊನೆಯದಾಗಿ, ವಯಸ್ಸಾದವರ ಮೂಗಿನ ಪಕ್ಕ, ರೆಪ್ಪೆಯ ಕೆಳಗೆ, ಮುತ್ತಿನಂಥ ಹೊಳಪಿನ ಅಂಚಿನೊಡನೆ ನಿಧಾನವಾಗಿ ಬೆಳೆದು ನಡುವೆ ಹುಣ್ಣಾಗುವ ಕಪ್ಪು ಗಂಟು. ಬೇಸಲ್ ಸೆಲ್ ಕ್ಯಾನ್ಸರ್ ಎಂಬ ಇದು ಬಿಳಿಯರಲ್ಲಿ ಸಾಮಾನ್ಯವಾಗಿ ಗುಲಾಬಿ ಬಣ್ಣದಲ್ಲಿರುತ್ತದೆ. ನಮ್ಮ ಚರ್ಮದಲ್ಲಿ ಹಲವು ಸಲ ಕಪ್ಪಗೇ ಕಾಣುತ್ತದೆ, ಹಾಗಾಗಿ ಮನೆಮಂದಿ ಅದನ್ನು ಮಚ್ಚೆ ಎಂದೇ ಕರೆದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನವೂ ಇಂಥ ಕಲೆಗಳನ್ನು ಒಂದೇ ಹೆಸರಿನಡಿ ಗುಡ್ಡೆ ಹಾಕಲಿಲ್ಲ. ಉದ್ದಿನ ಕಾಳಿನಂತೆ ಕಪ್ಪಗೆ ಉಬ್ಬಿ, ನೋವಿಲ್ಲದೆ ನಿಂತದ್ದನ್ನು ಮಷಕ ಎಂದಿತು. ಎಳ್ಳಿನ ಗಾತ್ರದಲ್ಲಿ ಚರ್ಮದ ಮಟ್ಟದಲ್ಲೇ ಇರುವುದನ್ನು ತಿಲಕಾಲಕ ಎಂದಿತು. ಬೇರ್ಪಡಿಸಿ ನೋಡುವ ಈ ಕಣ್ಣು ನಮಗೆ ಹೊಸದಲ್ಲ.

ಹಾಗಾದರೆ ನಿಜವಾದ ಮಚ್ಚೆಗೆ ಎಷ್ಟು ಹೆದರಬೇಕು? ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಇಲ್ಲಿ ನೆರವಾಗುತ್ತದೆ. 40 ವರ್ಷದೊಳಗಿನವರಲ್ಲಿ ಯಾವುದೋ ಒಂದು ಮಚ್ಚೆ ಒಂದು ವರ್ಷದ ಅವಧಿಯಲ್ಲಿ ಮೆಲನೋಮ ಎಂಬ ಕ್ಯಾನ್ಸರಿಗೆ ತಿರುಗುವ ಸಂಭವ 2 ಲಕ್ಷಕ್ಕೆ ಒಂದು, ಅದಕ್ಕೂ ಕಡಿಮೆ. 60 ದಾಟಿದ ಗಂಡಸರಲ್ಲಿ ಸುಮಾರು 33 ಸಾವಿರಕ್ಕೆ ಒಂದು. ಇದು ಬಿಳಿಯರೇ ಹೆಚ್ಚಾಗಿರುವ, ಮೆಲನೋಮ ಹೆಚ್ಚಾಗಿರುವ ದೇಶದ ಲೆಕ್ಕ. ಭಾರತದ ಕ್ಯಾನ್ಸರ್ ನೋಂದಣಿಗಳಲ್ಲಿ, 1980ರ ದಶಕದ ಆರಂಭದಿಂದ ನಡೆದುಬಂದಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯೂ ಸೇರಿ, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಾಣಿಸುವುದಿಲ್ಲ. ಇನ್ನೂ ಒಂದು ಸಂಗತಿ ಇದೆ. ಮೆಲನೋಮಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹಳೆಯ ಮಚ್ಚೆಯಿಂದ ಹುಟ್ಟಿದ್ದು. ಉಳಿದವು ಏನೂ ಇಲ್ಲದ ಬರಿಯ ಚರ್ಮದಲ್ಲಿ ಹೊಸದಾಗಿ ತಲೆಯೆತ್ತಿದವು. ಮೈಮೇಲಿನ ಮಚ್ಚೆಗಳನ್ನೆಲ್ಲ ಮುಂಜಾಗ್ರತೆಗೆಂದು ತೆಗೆಸಿ ಹಾಕಿದರೂ ಈ ಕ್ಯಾನ್ಸರಿನ ದಾರಿ ಮುಚ್ಚುವುದಿಲ್ಲ ಎಂದಾಯಿತು. ಹೆದರಿಕೆಯಿಂದ ಮಚ್ಚೆ ತೆಗೆಸುವುದಕ್ಕೆ ಆಧಾರವಿಲ್ಲ. ಹಾಗೆ ಹೆದರಿಸಿ ಹತ್ತು ಮಚ್ಚೆಗೆ ಒಂದು ಪ್ಯಾಕೇಜ್ ಎಂದು ಮಾರುವವರ ಮಾತಿಗೆ ಸಿಕ್ಕಬೇಕಾಗಿಲ್ಲ.

ಇಷ್ಟು ಅಪರೂಪವಾದರೆ, ಸುಟ್ಟರೆ ತಾನೇ ಏನು ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಸಿಗುವುದು ಮೆಲನೋಮ ಚಿಕಿತ್ಸೆಯ ಚರಿತ್ರೆಯಲ್ಲಿ. ಅದಕ್ಕಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1907ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಸ್ಯಾಂಪ್ಸನ್ ಹ್ಯಾಂಡ್ಲಿ, ಹಂಟೇರಿಯನ್ ಉಪನ್ಯಾಸದಲ್ಲಿ, ಈ ಕ್ಯಾನ್ಸರನ್ನು ಸುತ್ತಲಿನ ಚರ್ಮದ ಅಡಿಯ ಭಾಗವನ್ನೂ ಸೇರಿಸಿ ಅಗಲವಾಗಿ ಕತ್ತರಿಸಬೇಕು ಎಂದು ವಾದಿಸಿದರು. ಅವರ ಆಧಾರ ಒಬ್ಬ ರೋಗಿಯ ಶವಪರೀಕ್ಷೆ. ಆ ಮಾತನ್ನು ಹಿಡಿದು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಶಸ್ತ್ರವೈದ್ಯರು ಗೆಡ್ಡೆಯ ಸುತ್ತ 5 ಸೆಂಟಿಮೀಟರ್ ಚರ್ಮವನ್ನು ತೆಗೆದು, ಆದ ಹಳ್ಳಕ್ಕೆ ತೊಡೆಯ ಚರ್ಮ ತಂದು ಹೊದಿಸುತ್ತಿದ್ದರು. ಸಣ್ಣದಕ್ಕೂ ಅದೇ, ದೊಡ್ಡದಕ್ಕೂ ಅದೇ. 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ ಬಹಳ ಸರಳವಾದ ಒಂದು ಕೆಲಸ ಮಾಡಿದರು. ಸೂಕ್ಷ್ಮದರ್ಶಕದಲ್ಲಿ ಅಳತೆಗೋಲಿಟ್ಟು, ಗೆಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆದರು. 0.76 ಮಿಲಿಮೀಟರಿಗಿಂತ ತೆಳುವಾಗಿದ್ದ ಗೆಡ್ಡೆಗಳು ಅವರು ನೋಡಿದ ರೋಗಿಗಳಲ್ಲಿ ಐದು ವರ್ಷದೊಳಗೆ ಮರಳಿಯೂ ಬಂದಿರಲಿಲ್ಲ, ಹರಡಿಯೂ ಇರಲಿಲ್ಲ. ಇವತ್ತಿಗೂ ಈ ಕ್ಯಾನ್ಸರಿನ ರೋಗಿ ಬದುಕುತ್ತಾರೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಹೇಳಲು ವೈದ್ಯರು ಮೊದಲು ನೋಡುವುದು ಬ್ರೆಸ್ಲೋ ಆಳವನ್ನೇ. 1988ರಲ್ಲಿ ಇಟಲಿಯ ಉಂಬೆರ್ತೊ ವೆರೊನೇಸಿ ಮತ್ತು ಅವರ ಜೊತೆಗಾರರು, ತೆಳುವಾದ ಮೆಲನೋಮಗಳಿಗೆ 3 ಸೆಂಟಿಮೀಟರ್ ಅಂಚು ತೆಗೆದರೂ 1 ಸೆಂಟಿಮೀಟರ್ ತೆಗೆದರೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿದರು. ಈಗ 1 ಮಿಲಿಮೀಟರಿಗಿಂತ ತೆಳುವಾದದ್ದಕ್ಕೆ 1 ಸೆಂಟಿಮೀಟರ್, 2 ಮಿಲಿಮೀಟರ್ ದಾಟಿದ್ದಕ್ಕೆ 2 ಸೆಂಟಿಮೀಟರ್ ಅಂಚು ಸಾಕು. ಕಂಕುಳ ಅಥವಾ ತೊಡೆಸಂದಿನ ಗ್ರಂಥಿಯನ್ನು ಪರೀಕ್ಷಿಸಬೇಕೇ, ಮುಂದೆ ಔಷಧ ಬೇಕೇ ಎಂಬ ತೀರ್ಮಾನಗಳೂ ಇದೇ ಅಳತೆಗೆ ಕಟ್ಟುಬಿದ್ದಿವೆ. ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಪ್ರಾಣ ತೂಗುತ್ತಿದೆ. ಲೇಸರಿನಿಂದಲೋ ವಿದ್ಯುತ್ ಕಾವಿನ ಕಾಟರಿಯಿಂದಲೋ ಸುಟ್ಟು ಆವಿ ಮಾಡಿಬಿಟ್ಟರೆ ಅಳೆಯಲು ಉಳಿಯುವುದೇನು? ಸುಟ್ಟವರ ಕೈಯಲ್ಲಿ ಕ್ಯಾನ್ಸರ್ ನಾಶವಾಯಿತೆಂಬ ಖಾತ್ರಿಯೂ ಇಲ್ಲ. ಮೇಲ್ಭಾಗ ಹೋಗಿ ಬೇರು ಉಳಿದಿರಬಹುದು. ಗಾಯ ಮಾಯ್ದು ಚರ್ಮ ನುಣುಪಾಗಿ, ಒಳಗೆ ಅದು ಬೆಳೆಯುತ್ತಿರಬಹುದು. ವರ್ಷ ಕಳೆದು ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡಾಗ, ಮೂಲ ಯಾವುದೆಂದು ಹೇಳಲು ಯಾರ ಬಳಿಯೂ ಏನೂ ಇರುವುದಿಲ್ಲ.

ಸುಡದೆ ಕತ್ತರಿಸಿ ತೆಗೆದ ಮಚ್ಚೆಯನ್ನು ಪ್ರಯೋಗಾಲಯದಲ್ಲಿ ಓದುವುದು ಎಂದರೆ ಏನೆಂದು ಹತ್ತಿರದಿಂದ ನೋಡೋಣ. ಮರಗಟ್ಟಿಸುವ ಸೂಜಿಮದ್ದು ಕೊಟ್ಟ ಮೇಲೆ ವೈದ್ಯರು ಅನುಮಾನದ ಮಚ್ಚೆಯನ್ನು ಸುತ್ತ ಒಂದೆರಡು ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ, ದೋಣಿಯಾಕಾರದಲ್ಲಿ, ಕೆಳಗಿನ ಕೊಬ್ಬು ಕಾಣುವ ಆಳಕ್ಕೆ ಕತ್ತರಿಸುತ್ತಾರೆ. ಕಡಲೆಕಾಳಿನಷ್ಟು ದೊಡ್ಡದಾದ ಆ ತುಣುಕು ಅಗಲ ಬಾಯಿಯ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ. ಡಬ್ಬಿಯಲ್ಲಿ ಕಣ್ಣು ಉರಿಸುವ ವಾಸನೆಯ, ನೀರಿನಂತೆ ತಿಳಿಯಾದ 10 ಪರ್ಸೆಂಟ್ ಫಾರ್ಮಲಿನ್ ಇರುತ್ತದೆ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ರೋಗಿಯ ಹೆಸರು, ವಯಸ್ಸು, ತುಣುಕು ಎಲ್ಲಿಂದ ತೆಗೆದದ್ದು ಎಂದು ಬರೆಯುತ್ತಾರೆ, ಏಕೆಂದರೆ ಮುಚ್ಚಳ ಅದಲುಬದಲಾಗಬಹುದು. ಪ್ರಯೋಗಾಲಯದಲ್ಲಿ ಅದು ಮೇಣದ ಗಟ್ಟಿಯೊಳಗೆ ಕೂರುತ್ತದೆ. ಗಟ್ಟಿಯನ್ನು ಒಂದು ಮಿಲಿಮೀಟರಿನ ಇನ್ನೂರೈವತ್ತರಲ್ಲೊಂದು ಭಾಗದಷ್ಟು ತೆಳುವಾಗಿ ಹೆರೆದು, ಗಾಜಿನ ಪಟ್ಟಿಯ ಮೇಲೆ ಹರವಿ, ನೇರಳೆ ಮತ್ತು ಗುಲಾಬಿ ಬಣ್ಣ ಹಾಕುತ್ತಾರೆ. ಆಗ ಸೂಕ್ಷ್ಮದರ್ಶಕದ ಕೆಳಗೆ ಮಚ್ಚೆ ತನ್ನ ಕಥೆ ಹೇಳತೊಡಗುತ್ತದೆ. ನಿರುಪದ್ರವಿಯಾದ ಮಚ್ಚೆಯಲ್ಲಿ ಜೀವಕೋಶಗಳು ಅಚ್ಚುಕಟ್ಟಾದ ಗೂಡುಗಳಲ್ಲಿ ಕೂತಿರುತ್ತವೆ, ಆಳಕ್ಕೆ ಹೋದಂತೆ ಚಿಕ್ಕದಾಗುತ್ತ ಹೋಗುತ್ತವೆ, ಎಡಬಲ ಸರಿಸಮವಾಗಿರುತ್ತದೆ. ಮೆಲನೋಮದಲ್ಲಿ ಅವು ಗೂಡು ಬಿಟ್ಟು ಮೇಲ್ಪದರದೊಳಕ್ಕೆ ಒಂದೊಂದಾಗಿ ಹತ್ತುತ್ತವೆ, ಆಳದಲ್ಲೂ ದೊಡ್ಡದಾಗಿಯೇ ಉಳಿದು ಒಡೆದು ಹೆಚ್ಚುತ್ತಿರುತ್ತವೆ. ಇಷ್ಟನ್ನು ಓದಲು ಬೇಕಾದದ್ದು ಸುಡದ, ಹಿಸುಕದ, ಪೂರ್ತಿ ಆಳವಿರುವ ಒಂದು ತುಣುಕು.

ಮಚ್ಚೆಗೆ ಕತ್ತಿ ತಾಗಿಸಿದರೆ ಅದು ಕ್ಯಾನ್ಸರಿಗೆ ತಿರುಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಓದಿದವರ ಮನೆಯಲ್ಲೂ ಇದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಳ್ಳೆಯ ಮಚ್ಚೆಯನ್ನು ಕತ್ತರಿಸಿದ್ದರಿಂದ ಅದು ಕೆಟ್ಟದ್ದಾಯಿತು ಎನ್ನುವುದಕ್ಕೆ ಆಧಾರವಿಲ್ಲ, ಇದು ಖಚಿತ. ಹಾಗಿದ್ದೂ ಈ ಭಯ ಗಾಳಿಯಿಂದ ಹುಟ್ಟಿದ್ದಲ್ಲ. ಯಾರದೋ ಪಾದದ ಕಲೆಯನ್ನು ಸುಣ್ಣ ಹಚ್ಚಿಯೋ ಬ್ಲೇಡಿನಿಂದ ಹೆರೆದೋ ತೆಗೆದರು, ಮತ್ತೆ ಬೆಳೆಯಿತು, ಮತ್ತೆ ತೆಗೆದರು, ಒಂದೆರಡು ವರ್ಷದಲ್ಲಿ ಆ ಮನುಷ್ಯ ತೀರಿಕೊಂಡರು. ನೋಡಿದವರಿಗೆ ಕಂಡದ್ದು ಮುಟ್ಟಿದ್ದು ಮತ್ತು ಸತ್ತದ್ದು. ಮುಟ್ಟುವ ಮೊದಲೇ ಅದು ಕ್ಯಾನ್ಸರ್ ಆಗಿತ್ತು ಎಂಬುದು ಕಾಣಲಿಲ್ಲ, ಏಕೆಂದರೆ ಯಾರೂ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲ. ಅರ್ಧಂಬರ್ಧ ತೆಗೆಯುವುದರಿಂದ ಒಳ್ಳೆಯ ಮಚ್ಚೆಯೂ ತೊಂದರೆಗೆ ಸಿಕ್ಕಿಸುತ್ತದೆ ಎಂಬುದನ್ನೂ ಸೇರಿಸಬೇಕು. 1975ರಲ್ಲಿ ಕಾರ್ನ್‌ಬರ್ಗ್ ಮತ್ತು ಆಕರ್‌ಮನ್ ಎಂಬ ವೈದ್ಯರು ಹುಸಿ ಮೆಲನೋಮ ಎಂಬ ಸ್ಥಿತಿಯನ್ನು ವಿವರಿಸಿದರು. ಭಾಗಶಃ ತೆಗೆದ ನಿರುಪದ್ರವಿ ಮಚ್ಚೆ ಗಾಯದ ಕಲೆಯೊಳಗಿಂದ ಮತ್ತೆ ಮೂಡಿದಾಗ, ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಮೆಲನೋಮದ ಹಾಗೆಯೇ ಕಾಣುತ್ತದೆ. ಮೊದಲ ಸಲದ ವರದಿ ಕೈಯಲ್ಲಿದ್ದರೆ ಈ ಗೊಂದಲ ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ಇಲ್ಲದಿದ್ದರೆ ಇಲ್ಲದ ಕ್ಯಾನ್ಸರಿಗೆ ಒಬ್ಬರು ದೊಡ್ಡ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಬೇಕಾದೀತು. ಊರಿನ ಈ ಭಯ ಗಾಳಿಯಿಂದ ಹುಟ್ಟಿದ್ದಲ್ಲ ಎಂದದ್ದು ಇದಕ್ಕೇ. ಮಚ್ಚೆಯನ್ನು ಕೆದಕಿ ಬಿಡಬಾರದು. ಅನುಮಾನವಿದ್ದದ್ದನ್ನು ತೆಗೆದರೆ ಪೂರ್ತಿ ತೆಗೆಯಬೇಕು.

ಯಾವ ಮಚ್ಚೆಯನ್ನು ಅನುಮಾನಿಸಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಕಲಿಸುವ ಸೂತ್ರ ಎ, ಬಿ, ಸಿ, ಡಿ. ಎರಡು ಅರ್ಧಗಳು ಹೊಂದದಿರುವುದು, ಅಂಚು ಒಡಕಾಗಿರುವುದು, ಒಂದಕ್ಕಿಂತ ಹೆಚ್ಚು ಬಣ್ಣ ಇರುವುದು, 6 ಮಿಲಿಮೀಟರಿಗಿಂತ ಅಗಲವಾಗಿರುವುದು. 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಇದನ್ನು ರೂಪಿಸಿದರು, 2004ರಲ್ಲಿ ಬದಲಾವಣೆಯನ್ನು ಸೂಚಿಸುವ ಇ ಅಕ್ಷರ ಸೇರಿತು. ಒಳ್ಳೆಯ ಸೂತ್ರವೇ. ಆದರೆ ಅದು ಬಿಸಿಲಿಗೆ ಸುಡುವ ಬಿಳಿ ಚರ್ಮವನ್ನು, ಬೆನ್ನು ಮತ್ತು ಕಾಲಿನ ಮೀನಖಂಡವನ್ನು ನೋಡಿ ಕಟ್ಟಿದ್ದು. ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮ ಬರುವುದೇ ಕಡಿಮೆ, ಬಂದಾಗ ಅದು ಹೆಚ್ಚಿನ ಪಾಲು ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಬರುತ್ತದೆ. ಇದಕ್ಕೂ ಬಿಸಿಲಿಗೂ ಹೆಚ್ಚಿನ ನಂಟಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿ ಸತ್ತದ್ದು ಇದೇ ಬಗೆಯ ಮೆಲನೋಮದಿಂದ. ಕಾಲ್ಬೆರಳ ಉಗುರಿನಡಿಯ ಕಲೆಯನ್ನು ಮೊದಲು ಫುಟ್‌ಬಾಲ್ ಆಟದ ಗಾಯ ಎಂದುಕೊಂಡಿದ್ದರು. 1977ರಲ್ಲಿ ರೋಗ ಗೊತ್ತಾಯಿತು, 1981ರ ಮೇ 11ರಂದು, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬರಿಗಾಲಲ್ಲಿ ಗದ್ದೆಗಿಳಿಯುವ, ಒಡೆದ ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ ಮಲಗುವ ನಮ್ಮ ಜನ ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ್ದು, ಕಲ್ಲು ಒತ್ತಿದ್ದು, ಆಣಿ ಎಂದುಕೊಳ್ಳುವುದು ಎಷ್ಟು ಸಹಜ! ಇಲ್ಲಿ ಜಪಾನಿನ ಚರ್ಮವೈದ್ಯರು ಕಂಡುಕೊಟ್ಟ ಒಂದು ಸೂಕ್ಷ್ಮ ನಮಗೆ ಬಹಳ ಉಪಯೋಗದ್ದು. ಹೆಬ್ಬೆಟ್ಟು ಒತ್ತಿದಾಗ ಮೂಡುವಂಥ ಗೆರೆಗಳು ಅಂಗಾಲಲ್ಲೂ ಇವೆ, ದಿಬ್ಬವೊಂದು ತಗ್ಗೊಂದು. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡಿದರೆ, ನಿರುಪದ್ರವಿ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನ ಗುಂಟ ಹರಿದಿರುತ್ತದೆ, ಉತ್ತ ಹೊಲದ ಸಾಲಿನಲ್ಲಿ ಮಳೆನೀರು ನಿಂತ ಹಾಗೆ. ಮೆಲನೋಮದಲ್ಲಿ ಬಣ್ಣ ದಿಬ್ಬದ ಮೇಲೆ, ಬೆವರಿನ ರಂಧ್ರಗಳ ಸಾಲಿನ ಮೇಲೆ ಕೂತಿರುತ್ತದೆ. ಕಂದು ಚರ್ಮದವರ ಅಂಗಾಲಲ್ಲಿ ನಾಲ್ಕಾರು ಕಂದು ಚುಕ್ಕೆಗಳಿರುವುದು ಮಾಮೂಲು, ಹತ್ತು ಉಗುರುಗಳಲ್ಲಿ ಕೆಲವಕ್ಕೆ ಕಪ್ಪು ಗೀಟು ಇರುವುದೂ ಮಾಮೂಲು. ಅವುಗಳಿಗೆ ಹೌಹಾರಬೇಕಿಲ್ಲ. ದೊಡ್ಡವರಾದ ಮೇಲೆ ಒಂದೇ ಉಗುರಿನಲ್ಲಿ ಹೊಸದಾಗಿ ಗೀಟು ಮೂಡಿ, ಅಗಲವಾಗುತ್ತ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಇಳಿದರೆ, ಅಂಗಾಲಿನ ಕಲೆ ತಿಂಗಳುಗಳಲ್ಲಿ ಹಬ್ಬಿದರೆ, ವಾಸಿಯಾಗದ ಹುಣ್ಣಾದರೆ, ಅದು ಆಸ್ಪತ್ರೆಗೆ ಹೋಗಬೇಕಾದ ದಿನ. ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ ನೆಲೆಸಿರುವ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿಯ ಪೋಸ್ಟರುಗಳು ತೋರಿಸುವ ಕೆಂಪು ಬೆನ್ನಿನ ಚಿತ್ರದಲ್ಲಿ ಅವರ ಅಂಗಾಲು ಇರುವುದಿಲ್ಲ.

ಮನೆಮದ್ದಿನ ಕಡೆಗೆ ಬರೋಣ. ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚುವುದು, ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುವುದು, ನರುಲಿಗೆ ಕುದುರೆ ಬಾಲದ ಕೂದಲು ಕಟ್ಟುವುದು, ಈಗೀಗ ಆನ್‌ಲೈನಿನಲ್ಲಿ ತರಿಸಿದ ಕ್ರೀಮು. ಸುಣ್ಣ ಮತ್ತು ಸೋಡಾ ನೀರಿನಲ್ಲಿ ಕೂಡಿದಾಗ ಆಗುವುದು ಕಾಸ್ಟಿಕ್ ಸೋಡಾ, ಚರಂಡಿಯ ಕಟ್ಟು ಬಿಡಿಸುವ ವಸ್ತು. ಕ್ಷಾರದ ಸ್ವಭಾವವೇ ಹಾಗೆ, ಆಮ್ಲ ಸುಟ್ಟಲ್ಲಿ ಹೆಪ್ಪುಗಟ್ಟಿ ನಿಂತರೆ ಕ್ಷಾರ ಮಾಂಸವನ್ನು ಕರಗಿಸುತ್ತ ಒಳಕ್ಕಿಳಿಯುತ್ತಲೇ ಹೋಗುತ್ತದೆ. ರೆಪ್ಪೆಯ ಹತ್ತಿರ ಇದನ್ನು ಹಚ್ಚುವುದು ಕಣ್ಣನ್ನೇ ಪಣಕ್ಕಿಟ್ಟ ಹಾಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಇಂಥ ಕ್ರೀಮುಗಳ ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳುಹಿಸಿತು. ಮಚ್ಚೆ ತೆಗೆಯಲೆಂದು ಅಂಗಡಿಯಲ್ಲಿ ಕೊಂಡು ತಾವೇ ಹಚ್ಚಿಕೊಳ್ಳಬಹುದಾದ ಯಾವ ಔಷಧಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದಿತು. ಸುಶ್ರುತರೇ ಕ್ಷಾರದಿಂದಲೋ ಬೆಂಕಿಯಿಂದಲೋ ಸುಡಲು ಹೇಳಿಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಹೇಳಿದ್ದಾರೆ. ಮೊದಲು ಶಸ್ತ್ರದಿಂದ ತೆಗೆದು, ಆಮೇಲೆ ಯುಕ್ತಿಯರಿತು ನಿಧಾನವಾಗಿ ಸುಡಬೇಕು ಎಂಬುದು ಅಲ್ಲಿಯ ಕ್ರಮ. ಕಲಿತ ಕೈಗೆ ಹೇಳಿದ ಮಾತು ಅದು. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ತೆಗೆದದ್ದನ್ನು ಓದುವ ದಾರಿ ಇರಲಿಲ್ಲ. ಈಗ ಆ ದಾರಿ ಇದ್ದೂ ನಾವು ಹಿಡಿಯದಿದ್ದರೆ ಸುಶ್ರುತರ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದು ವೈದ್ಯಲೋಕದೊಳಗಿಂದಲೇ ಬಂದಿದೆ. ಅಮೆರಿಕದಲ್ಲಿ ಸುಮಾರು 40 ವರ್ಷಗಳಲ್ಲಿ ಮೆಲನೋಮ ಎಂದು ಗುರುತಿಸುವ ಪ್ರಮಾಣ ಆರು ಪಟ್ಟಾಯಿತು, ಅದರಿಂದ ಸಾಯುವವರ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಕಂಡದ್ದನ್ನೆಲ್ಲ ಕತ್ತರಿಸಿ ಪರೀಕ್ಷಿಸಿ, ಎಂದೂ ಪ್ರಾಣಕ್ಕೆ ಮುಳುವಾಗದಿದ್ದವಕ್ಕೂ ಕ್ಯಾನ್ಸರ್ ಎಂದು ಹೆಸರಿಟ್ಟಿದ್ದೇವೆ ಎಂದು ಅಲ್ಲಿಯ ವೈದ್ಯರೇ 2021ರಲ್ಲಿ ಬರೆದರು. ಅದಕ್ಕೂ ಮೊದಲು, 2017ರಲ್ಲಿ, 187 ರೋಗಶಾಸ್ತ್ರಜ್ಞರ ಮುಂದೆ 240 ತುಣುಕುಗಳ ಗಾಜಿನ ಪಟ್ಟಿಗಳನ್ನು ಇಟ್ಟು ನೋಡಿದ ಅಧ್ಯಯನ ಬಂದಿತ್ತು. ಪೂರ್ತಿ ಒಳ್ಳೆಯ ಮಚ್ಚೆಯನ್ನೂ ಮುಂದುವರಿದ ಮೆಲನೋಮವನ್ನೂ ಅವರು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ನಡುವಿನ ದರ್ಜೆಗಳಲ್ಲಿ ಪರಿಣತರ ಒಮ್ಮತದ ತೀರ್ಪಿಗೆ ಹೊಂದಿದ್ದು ಅರ್ಧಕ್ಕಿಂತ ಕಡಿಮೆ. ಹಾಗಾದರೆ ಓದಿ ಎಂದು ನಾನು ಒತ್ತಾಯಿಸುವುದರಿಂದ ಇದೇ ಹಾನಿ ಇಲ್ಲಿಗೂ ಬರುವುದಿಲ್ಲವೇ? ಈ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ, ನನ್ನ ವಾದಕ್ಕೆ ಅದು ಒಂದು ಎಲ್ಲೆಯನ್ನೂ ಹಾಕುತ್ತದೆ. ಆರೋಗ್ಯವಂತರ ಮೈಯನ್ನು ವರ್ಷಕ್ಕೊಮ್ಮೆ ಹುಡುಕಿ ಮಚ್ಚೆ ಕತ್ತರಿಸುವ ಶಿಬಿರಗಳು ನಮಗೆ ಬೇಡ. ತೆಗೆಯುವ ಕಾರಣ ಇಲ್ಲದ ಮಚ್ಚೆಯನ್ನು ಅದರ ಪಾಡಿಗೆ ಬಿಡಬೇಕು. ಹೇಗೂ ತೆಗೆಯುತ್ತಿರುವುದನ್ನು ಮಾತ್ರ ಓದಿಸಬೇಕು. ಅದರಲ್ಲೂ ಕತ್ತಿನ ಸ್ಕಿನ್ ಟ್ಯಾಗ್, ಕೆನ್ನೆಯ ಸಾಸಿವೆ ಗುಳ್ಳೆಗಳಂಥವನ್ನು ಚರ್ಮವೈದ್ಯರು ಡರ್ಮೋಸ್ಕೋಪಿನಲ್ಲಿ ನೋಡಿ ಖಚಿತಪಡಿಸಿದ ಮೇಲೆ ಕಾಟರಿಯಿಂದ ತೆಗೆದರೆ ತಪ್ಪಿಲ್ಲ. ಅಲ್ಲಿ ಕಣ್ಣೇ ಓದಿದೆ. ಬಣ್ಣ ತುಂಬಿದ ಮಚ್ಚೆ, ಬದಲಾಗುತ್ತಿರುವ ಮಚ್ಚೆ, ಹೊಸದಾಗಿ ಬಂದದ್ದು, ಇವುಗಳಿಗೆ ಲೇಸರ್ ಸಲ್ಲದು. ಇನ್ನು, ಅಮೆರಿಕದವರ ತೊಂದರೆ ಅತಿಯಾಗಿ ಹುಡುಕಿದ್ದು. ನಮ್ಮ ರೋಗಿಗಳು ಹುಣ್ಣಾದ ಮೇಲೆ, ಗ್ರಂಥಿ ಊದಿದ ಮೇಲೆ ಬರುತ್ತಾರೆ. ಅಲ್ಲಿಯ ಕಾಯಿಲೆಗೆ ಹೇಳಿದ ಪಥ್ಯವನ್ನು ಇಲ್ಲಿಯ ಹಸಿದವರಿಗೆ ಹೇಳಲಾಗದು.

ಬರಿಯ ಚೆಲುವಿಗಾಗಿ ಮಚ್ಚೆ ತೆಗೆಸುವುದು ಸರಿಯೇ ಎಂದು ಕೇಳಿದರೆ, ಸರಿ ಎಂದೇ ಹೇಳುತ್ತೇನೆ. ಮೂಗಿನ ತುದಿಯ ದೊಡ್ಡ ಮಚ್ಚೆಯಿಂದ ಶಾಲೆಯಲ್ಲಿ ಅಡ್ಡಹೆಸರು ಹೊತ್ತು ಬೆಳೆದ ಹುಡುಗಿಗೆ, ದೇವರು ಕೊಟ್ಟದ್ದು ಇರಲಿ ಬಿಡು ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ತುಟಿಯ ಮೇಲಿದ್ದರೆ ಮಾತುಗಾರ್ತಿ, ಅಂಗೈಯಲ್ಲಿದ್ದರೆ ದುಡ್ಡು ಎಂಬ ಮಚ್ಚೆಶಾಸ್ತ್ರಕ್ಕೆ ಕಟ್ಟುಬಿದ್ದು ಆಕೆ ಸಂಕಟಪಡಬೇಕಾದ್ದೂ ಇಲ್ಲ. ಆದರೆ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು. ಯಾವ ವಿಧಾನದಲ್ಲಿ ತೆಗೆದರೂ ಮಚ್ಚೆಯ ಜಾಗದಲ್ಲಿ ಒಂದು ಕಲೆ ಉಳಿಯುತ್ತದೆ, ಕಲೆಯೇ ಇರುವುದಿಲ್ಲ ಎನ್ನುವವರನ್ನು ನಂಬಬಾರದು. ನಮ್ಮ ಚರ್ಮ ಗಾಯದ ನೆನಪನ್ನು ಕಪ್ಪಾಗಿ ಬಹಳ ತಿಂಗಳು ಇಟ್ಟುಕೊಳ್ಳುತ್ತದೆ. ಎದೆಯ ನಡುಭಾಗ, ಹೆಗಲು, ಕಿವಿಹಾಲೆ, ದವಡೆಯ ಅಂಚು ಇಲ್ಲೆಲ್ಲ ಗಾಯ ಕೀಲಾಯ್ಡ್ ಆಗಿ, ಮೂಲ ಮಚ್ಚೆಗಿಂತ ದೊಡ್ಡದಾಗಿ ಉಬ್ಬಿ ತುರಿಸಬಹುದು. ಕಿವಿ ಚುಚ್ಚಿದ ಜಾಗ ಗಂಟಾಗಿದ್ದವರು, ಮನೆಯಲ್ಲಿ ಬೇರೆಯವರಿಗೆ ಹಾಗಾಗಿದ್ದವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅಂಥವರಿಗೆ ಎದೆಯ ಮೇಲಿನ ಮಚ್ಚೆಯನ್ನು ಹಾಗೇ ಬಿಡುವುದೇ ಚೆಲುವು. ಮುಖದ ಮೇಲೆ ಉಬ್ಬಿದ, ಮೆತ್ತನೆಯ, ಬಣ್ಣ ತೆಳುವಾದ ಮಚ್ಚೆಯನ್ನು ಚರ್ಮದ ಮಟ್ಟಕ್ಕೆ ಸವರಿ ತೆಗೆದರೆ ಹೊಲಿಗೆ ಬೇಕಾಗುವುದಿಲ್ಲ, ಕಲೆಯೂ ಚಿಕ್ಕದು. ಬೇರು ಉಳಿದು ಮತ್ತೆ ಮೂಡುವ ಸಾಧ್ಯತೆ ಇದೆಯೆಂದು ತಿಳಿದಿರಬೇಕು, ಸವರಿದ ಚೂರನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಅನುಮಾನದ ಮಚ್ಚೆಗೆ ಈ ವಿಧಾನ ಹೊಂದುವುದಿಲ್ಲ. ಪೂರ್ತಿ ಕತ್ತರಿಸಿ ಹೊಲಿದರೆ ಮುಖದ ಹೊಲಿಗೆ ಐದರಿಂದ ಏಳು ದಿನಕ್ಕೆ, ಬೆನ್ನು ಕಾಲುಗಳದ್ದು ಎರಡು ವಾರದ ಹೊತ್ತಿಗೆ ಬಿಚ್ಚುತ್ತಾರೆ. ಕಲೆ ತಿಳಿಯಾಗಿ ಹಣ್ಣಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ನಿಶ್ಚಿತಾರ್ಥ ಮುಗಿಸಿ, ಮದುವೆಗೆ ಮೂರು ವಾರ ಇದೆ ಎನ್ನುವಾಗ ಪಾರ್ಲರಿಗೆ ಓಡುವುದು ಕಪ್ಪು ಮಚ್ಚೆಯ ಬದಲು ಕೆಂಪು ಕಲೆಯನ್ನು ಧಾರೆಗೆ ಕರೆದೊಯ್ಯುವ ದಾರಿ. ಗರ್ಭಿಣಿಯರಲ್ಲಿ ಹೊಟ್ಟೆ, ಎದೆಯ ಚರ್ಮ ಹಿಗ್ಗಿದಂತೆ ಮಚ್ಚೆಗಳೂ ಹಿಗ್ಗುತ್ತವೆ. ಚೆಲುವಿನ ಕೆಲಸವನ್ನು ಹೆರಿಗೆ ಆದ ಮೇಲೆ ಇಟ್ಟುಕೊಳ್ಳಬಹುದು, ಅನುಮಾನದ ಮಚ್ಚೆಯನ್ನು ಮುಂದೂಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಹುಟ್ಟುಮಚ್ಚೆಯ ವಿಚಾರ ಬೇರೆ. ನೂರು ಮಕ್ಕಳಲ್ಲಿ ಒಂದರ ಮೈಮೇಲೆ ಹುಟ್ಟುವಾಗಲೇ ಸಣ್ಣ ಮಚ್ಚೆ ಇರುತ್ತದೆ, ಅದಕ್ಕೆ ಅವಸರವಿಲ್ಲ. ಬೆನ್ನನ್ನೋ ತೊಡೆಯನ್ನೋ ಆವರಿಸಿದ, ದೊಡ್ಡವರಾದಾಗ 20 ಸೆಂಟಿಮೀಟರ್ ಮೀರುವ ಹುಟ್ಟುಮಚ್ಚೆ ಬಹಳ ವಿರಳ. ಅದರಲ್ಲಿ ಕ್ಯಾನ್ಸರಿನ ಸಂಭವ ನಿಜಕ್ಕೂ ಇದೆ, ಅಂಥ ಮಗುವನ್ನು ಮೊದಲ ತಿಂಗಳುಗಳಲ್ಲೇ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ತೋರಿಸಬೇಕು.

ಯಾರ ಕೈಗೆ ಒಪ್ಪಿಸಬೇಕು ಎಂಬುದು ಉಳಿಯಿತು. ಬ್ಯೂಟಿ ಪಾರ್ಲರಿನವರ ಮೇಲೆ ನನಗೆ ಅಗೌರವವಿಲ್ಲ, ಅವರ ಕಸುಬಿನಲ್ಲಿ ಅವರು ನುರಿತವರು. ಆದರೆ ಕಪ್ಪು ಕಲೆ ಕ್ಯಾನ್ಸರೋ ಅಲ್ಲವೋ ಎಂದು ಬೇರ್ಪಡಿಸುವುದು ಆ ಕಸುಬಿನ ಕಲಿಕೆಯೊಳಗೆ ಇಲ್ಲ. ಖಾಸಗಿ ಕ್ಲಿನಿಕ್ಕುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು. ಗೋಡೆಯ ಮೇಲಿನ ಆ ಪ್ರಮಾಣಪತ್ರವನ್ನು, ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಓದಿಕೊಳ್ಳುವುದು ಅನುಮಾನದ ಲಕ್ಷಣವಲ್ಲ, ರೋಗಿಯ ಹಕ್ಕು. ಕುರ್ಚಿಯಲ್ಲಿ ಕೂತ ಮೇಲೆ ಕೇಳಬೇಕಾದದ್ದು ಎರಡೇ ಮಾತು: ಡಾಕ್ಟ್ರೇ, ಇದು ಏನು ಅಂತ ನಿಮಗೆ ಅನ್ನಿಸುತ್ತದೆ? ತೆಗೆದದ್ದನ್ನು ಯಾವ ಲ್ಯಾಬಿಗೆ ಕಳಿಸುತ್ತೀರಿ? ಎರಡನೆಯದಕ್ಕೆ, ಅದೆಲ್ಲ ಏನೂ ಬೇಕಾಗಿಲ್ಲ, ಲೇಸರಿನಲ್ಲಿ ಎರಡು ನಿಮಿಷದ ಕೆಲಸ ಎಂಬ ಉತ್ತರ ಬಂದರೆ, ಯಾಕೆ ಬೇಕಾಗಿಲ್ಲ ಎಂದು ಕೇಳಬೇಕು. ಕೆನ್ನೆಯ ಸಾಸಿವೆ ಗುಳ್ಳೆಯಾದರೆ ಅದಕ್ಕೆ ಒಪ್ಪುವ ಉತ್ತರ ಇರುತ್ತದೆ. ಬಣ್ಣದ ಮಚ್ಚೆಗೆ ಇರುವುದಿಲ್ಲ. ಖರ್ಚಿನ ಮಾತು ಬರುತ್ತದೆ. ತುಣುಕು ಓದಿಸುವ ಶುಲ್ಕ ಸಾಮಾನ್ಯವಾಗಿ ಲೇಸರಿನ ಒಂದು ಸಲದ ಶುಲ್ಕಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಂಥ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವೂ ರೋಗಶಾಸ್ತ್ರ ವಿಭಾಗವೂ ಒಂದೇ ಆವರಣದಲ್ಲಿವೆ, ಅಲ್ಲಿ ಇನ್ನೂ ಕಡಿಮೆ. ವರದಿ ಬರಲು ಒಂದು ವಾರ ಹತ್ತು ದಿನ ಬೇಕಾಗುತ್ತದೆ. ಹೋಗಿ ಕೇಳಿ ಅದನ್ನು ತೆಗೆದುಕೊಳ್ಳಬೇಕು, ಏನೂ ಇಲ್ಲ ಎಂದು ಬಾಯಲ್ಲಿ ಹೇಳಿದರೂ ಕಾಗದವನ್ನು ಬಿಡಬಾರದು. ಸೇವಾ ಪುಸ್ತಕದಲ್ಲಿ ಆ ಮಚ್ಚೆಯನ್ನು ಗುರುತೆಂದು ಬರೆಸಿದ್ದವರಿಗೆ ಆ ಕಾಗದ ಕಚೇರಿಯಲ್ಲೂ ಕೆಲಸಕ್ಕೆ ಬರುತ್ತದೆ.

ಮಚ್ಚೆ ಓದಿಸುವ ಭಾರವನ್ನೆಲ್ಲ ರೋಗಿಯ ಹೆಗಲಿಗೆ ಹಾಕಿ ನಾನು ಕೂರುವಂತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಅಂಗಾಲು ತೋರಿಸಲು ಬಂದ ರೈತ ಹೆಂಗಸಿಗೆ ಮುಲಾಮು ಬರೆದುಕೊಟ್ಟು ಕಳಿಸುವುದು ಅಲ್ಲಿಯ ವೈದ್ಯರ ಉದಾಸೀನದಿಂದಲ್ಲ, ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಇಲ್ಲದ್ದರಿಂದ. ಕಫದ ಮಾದರಿಯನ್ನು ಕ್ಷಯ ಪರೀಕ್ಷೆಗೆ ಊರೂರಿನಿಂದ ಸಾಗಿಸುವ ವ್ಯವಸ್ಥೆಯನ್ನು ನಾವು ಕಟ್ಟಿದ್ದೇವೆ. ಫಾರ್ಮಲಿನ್ನಿನಲ್ಲಿ ಮುಳುಗಿದ ಚರ್ಮದ ತುಣುಕಿಗೆ ಮಂಜುಗಡ್ಡೆಯ ಪೆಟ್ಟಿಗೆಯೂ ಬೇಡ, ದಾರಿಯಲ್ಲಿ ಎರಡು ದಿನ ಕಳೆದರೂ ಅದು ಕೆಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗೊಂದು ಡರ್ಮೋಸ್ಕೋಪ್, ಕಪಾಟಿನಲ್ಲಿ ಒಂದು ಡಜನ್ ಫಾರ್ಮಲಿನ್ ಡಬ್ಬಿ, ಜಿಲ್ಲೆಯ ಪ್ರಯೋಗಾಲಯಕ್ಕೆ ವಾರಕ್ಕೊಮ್ಮೆ ಹೋಗುವ ಗಾಡಿ, ವರದಿಯನ್ನು ಆ ಹೆಂಗಸಿನ ಊರಿನ ಆಶಾ ಕಾರ್ಯಕರ್ತೆಗೆ ಮುಟ್ಟಿಸುವ ಒಂದು ಫೋನ್ ಕರೆ. ಆರೋಗ್ಯ ಇಲಾಖೆಯನ್ನು ಈ ವೇದಿಕೆಯಿಂದ ನಾನು ಕೇಳಿಕೊಳ್ಳುವುದು ಇಷ್ಟನ್ನು.